ಬಾಗಿಲಿಲ್ಲದ ಬಚ್ಚಲುಮನೆ

ರೀ,

ನಾನು ಕೆಲಸಕ್ಕೆ ಹೊರಟೆ. "ಎಂಜಿನಿಯರ್ ಯಾಕೆ, ನಾನೇ ಬರೀತೀನಿ" ಎಂದು ಮೂರು ದಿನ ಸ್ಕೇಲು ಹಿಡಿದು ಕೂತಿರಲ್ಲ, ಆ ನಕ್ಷೆ ಪರವಾನಗಿ ಕಚೇರಿಯಿಂದ ವಾಪಸ್ ಬಂದಿದೆ. ಕೆಳಗೆ ಕಟ್ಟಿಸುವ ಹೊಸ ಬಚ್ಚಲುಮನೆಗೆ ಕಿಟಕಿ, ನಲ್ಲಿ, ಟವೆಲಿನ ಕೊಕ್ಕೆ ಸಹ ಬರೆದಿದ್ದೀರಿ. ಬಾಗಿಲು ಮಾತ್ರ ಇಲ್ಲ.

ನಿನ್ನೆ ಅದನ್ನು ತರಲು ಹೋದಾಗ ಅಲ್ಲಿನ ಗುಮಾಸ್ತರು, "ಅಮ್ಮಾ, ಒಳಗೆ ಹೋಗೋದು ಕಿಟಕಿಯಿಂದಲಾ?" ಎಂದರು. "ನಮ್ಮನೆಯವರಿಗೆ ಸ್ನಾನ ಅಂದ್ರೆ ಅಷ್ಟಕ್ಕಷ್ಟೇ ಸಾರ್" ಎಂದೆ. ಇಡೀ ಕಚೇರಿ ನಕ್ಕಿತು.

ಮೇಸ್ತ್ರಿ ಬಂದರೆ ಚಹಾ ಕೊಟ್ಟು ಕಳಿಸಿ. ಪರವಾನಗಿ ಬರುವವರೆಗೆ ಒಂದು ಇಟ್ಟಿಗೆಯನ್ನೂ ಮುಟ್ಟುವುದು ಬೇಡ. "ಯಾರು ನೋಡ್ತಾರೆ" ಎಂದು ಅವನೆದುರು ಶೌರ್ಯ ತೋರಿಸಬೇಡಿ. ಎದುರುಮನೆಯವರು ನೋಡುತ್ತಾರೆ, ಅವರಿಗೆ ಬೇರೆ ಕೆಲಸವಿಲ್ಲ.

ಹೊಸ ಹಾಳೆ ಮೇಜಿನ ಮೇಲಿದೆ. ನಕ್ಷೆ ತಿದ್ದಿ ಮೂರು ಗಂಟೆಯೊಳಗೆ ನೀವೇ ಕೊಟ್ಟು ಬನ್ನಿ. ನಗಿಸಿಕೊಳ್ಳುವ ಸರದಿ ಈಗ ನಿಮ್ಮದು. ಇವತ್ತು ತಪ್ಪಿದರೆ ಮುಂದಿನ ತಿಂಗಳೇ. ಅಲ್ಲಿಯವರೆಗೂ ಅತ್ತೆ ಆ ಮಂಡಿನೋವಿನಲ್ಲಿ ದಿನಾ ಮಹಡಿ ಹತ್ತಿ ಸ್ನಾನ ಮಾಡಬೇಕು.

ಬಾಗಿಲು ಎಲ್ಲಿ ಬರಬೇಕೆಂದು ನೀವು ತಲೆ ಓಡಿಸಬೇಡಿ, ಅತ್ತೆಯನ್ನು ಕೇಳಿ. ನಿನ್ನೆ ಸಂಜೆ ಕೋಲೂರಿಕೊಂಡು ಮಂಚದಿಂದ ನಡೆದು ಹೋಗಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿಟ್ಟಿದ್ದಾರೆ. ಏಳೇ ಹೆಜ್ಜೆಯಂತೆ.