ಹಾಲವ್ವನ ದೃಷ್ಟಿ ಬೋಗುಣಿ

ಉಟಗಿ, ತಾ. ಜತ್ತ
ರವಿವಾರ, ೧೪ ಡಿಸೆಂಬರ್ ೨೦೨೫

ಪ್ರೀತಿಯ ಮಗಳು ರುಬಿನಾಳಿಗೆ ನಿನ್ನ ಅಪ್ಪನ ಸಲಾಂ.

ಹೇಗಿದ್ದೀಯವ್ವಾ? ಕೊಲ್ಹಾಪುರದ ಥಂಡಿಗೆ ಆ ಕೆಮ್ಮು ಮರಳಿ ಬಂದಿಲ್ಲ ತಾನೆ? ಇಲ್ಲಿ ನಾನು, ನಿನ್ನ ತಾಯಿ, ನಿನ್ನ ಅಣ್ಣನ ಮಕ್ಕಳು, ಕುರಿಗಳು ಎಲ್ಲರೂ ಆರಾಮ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಕಥೆ ಶುರು ಮಾಡಿದೊಡನೆ ನಿನ್ನ ತಾಯಿ ಫೋನು ಕಸಿದುಕೊಂಡು ಅದರ ಕೊನೆಯನ್ನು ಮೊದಲೇ ಹೇಳಿಬಿಡುತ್ತಾಳೆ. ಅದಕ್ಕೇ ಈ ಪತ್ರ.

ಮಣ್ಣಿನ ಹಸಿ ಅಳೆಯಲು ನಿನ್ನ ಆಫೀಸಿನವರು ನಮ್ಮೂರ ಹೊಲಗಳಲ್ಲಿ ನೆಟ್ಟ ಆಳೆತ್ತರದ ಗೂಟಗಳು ಸುಳ್ಳು ಹೇಳಲು ಕಲಿತಿದ್ದವಲ್ಲ! ಎರೆ ನೆಲ ತುಸು ಬಿರುಕು ಬಿಟ್ಟರೆ ಸಾಕು, ಒಳಗೆ ಹಸಿ ಇದ್ದರೂ ನೀರು ನೀರು ಎಂದು ನಮ್ಮ ಮೊಬೈಲಿಗೆ ಗೋಗರೆಯುತ್ತಿದ್ದವು. ಅವುಗಳ ಬುದ್ಧಿ ತಿದ್ದುವ ಹೊಸ ಸಾಫ್ಟ್‌ವೇರನ್ನು ಅಲ್ಲಿಂದಲೇ ಕಳಿಸುತ್ತೇನೆ ಎಂದಿದ್ದೆ ನೀನು. "ಬಾವಿಯಿಂದ ಕೊಡ ಕೈಯಿಂದ ಕೈಗೆ ದಾಟಿಸಿದಂಗ ಒಂದು ಗೂಟ ಮುಂದಿನ ಗೂಟಕ್ಕ ದಾಟಸ್ತೈತಿ, ಅಪ್ಪಾ. ಎಲ್ಲಾಕೂ ಮುಟ್ಟಿದ್ರ ನಾ ಬರೂದಿಲ್ಲ. ಮುಟ್ಟದಿದ್ರ ನಾನ ಬಂದು ಒಂದೊಂದಕ್ಕ ಹಾಕಬೇಕು." ಇದರಲ್ಲಿ ನಿನ್ನ ತಾಯಿ ಅಮೀನಾಬಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ. ಆಗಲೇ ಹೋಳಿಗೆಗೆಂದು ಶೇಂಗಾ ಹುರಿಯಲು ಕೂತಳು.

ಶುಕ್ರವಾರ ನೀನು ಫೋನು ಮಾಡಿ, ನಮ್ಮ ಗೂಟದವರೆಗೆ ಬಂದದ್ದು ಪಕ್ಕದ ಶಿದ್ರಾಯನ ಹೊಲದಲ್ಲಿ ನಿಂತುಬಿಟ್ಟಿದೆ, ಆಚೆಯ ಒಂದಕ್ಕೂ ಮುಟ್ಟಿಲ್ಲ ಎಂದೆ. ಹೋಗಿ ನೋಡಿದರೆ ಗೂಟದ ತಲೆಯ ಮೇಲೆ, ಆಂಟೆನಾ ಪೂರಾ ಮುಚ್ಚುವಂತೆ, ಸುಣ್ಣದ ಬೊಟ್ಟಿಟ್ಟ ಅಲ್ಯುಮಿನಿಯಂ ಬೋಗುಣಿ ಬೋರಲಾಗಿ ಕೂತಿತ್ತು! ಶಿದ್ರಾಯನ ತಾಯಿ ಹಾಲವ್ವ ಬದುವಿನ ಮೇಲಿಂದಲೇ ಕೂಗಿದಳು, "ಹಾದ್ಯಾಗ ಹೋಗಾವ್ರೆಲ್ಲ ನಿಂತು ನಿಂತು ಜ್ವಾಳ ನೋಡತಾರ. ಕೋಲು ಖಾಲಿ ನಿಂತಿತ್ತು, ದೃಷ್ಟಿಗಿ ಹಾಕೀನಿ. ತಪ್ಪೇನಪಾ ದಾವಲಸಾಬ?" "ಯವ್ವಾ, ನನ್ನ ಮಗಳು ಕಳಿಸಿದ್ದು ಈ ಬೋಗುಣಿ ದಾಟಿ ಹೋಗವಲ್ದು" ಎಂದೆ. ಮುದುಕಿಯ ಕಣ್ಣರಳಿತು. "ಹೌದಾ? ಕೊಲ್ಹಾಪುರದಿಂದ ಬಂದದ್ನೂ ತಡದೈತಿ ಅಂದ್ರ ಬೋಗುಣಿ ಭಾಳ ಚಲೋ ಐತಿ ಬಿಡು!" ಇನ್ನು ತೆಗೆಸುವುದು ಹೇಗೆ? ಬೇಡಿ, ಕಾಡಿ, ಬದುವಿನ ಬೇವಿನ ಗಿಡಕ್ಕೆ ಕಟ್ಟಿಸಿದೆ. ತುಸು ಹೊತ್ತಿಗೆ ಗೂಟದ ಹಸಿರು ದೀಪ ಮಿಣುಕಿತು, ಬಳಿಕ ಅದರಾಚೆಯದು. ಸಂಜೆಯೊಳಗೆ ಕಡೆಯ ಗೂಟಕ್ಕೂ ಮುಟ್ಟಿತು. ಈಗ ಎಲ್ಲವೂ ನಿಜ ಹೇಳುತ್ತಿವೆ. ಶಿದ್ರಾಯನ ಮೋಟಾರಿಗೂ ವಿಶ್ರಾಂತಿ. ಊರೆಲ್ಲ ನಿನ್ನನ್ನು ಹೊಗಳುತ್ತಿದೆ, ನಿನ್ನ ತಾಯಿಯೊಬ್ಬಳನ್ನು ಬಿಟ್ಟು. "ಇಷ್ಟು ಲಗೂನ ಮುಟ್ಟಬೇಕಾಗಿತ್ತೇನ ಅದು?" ಎಂದು ಕುಟ್ಟಿದ ಶೇಂಗಾ ಡಬ್ಬಿಗೆ ತುಂಬಿಟ್ಟಳು.

ಹೊತ್ತಿಗೆ ಸರಿಯಾಗಿ ಉಣ್ಣು ಮಗಳೇ. ಅಲ್ಲಾಹ ನಿನ್ನನ್ನು ನಗುನಗುತ್ತಾ ಇಟ್ಟಿರಲಿ.

ನಿನ್ನ ಅಪ್ಪ,
ದಾವಲಸಾಬ

ತಾ.ಕ.: ಪತ್ರ ಅಂಟಿಸುವ ಮೊದಲು ಹೊಲಕ್ಕೆ ಹೋಗಿದ್ದೆ. ಬೇವಿನ ಗಿಡದಲ್ಲಿ ಬೋಗುಣಿ ಇಲ್ಲ, ನಮ್ಮ ಗೂಟದ ಮೇಲಿದೆ! ಹಾಕಿದವಳು ನಿನ್ನ ತಾಯಿ, ಗಿಡದಿಂದ ಬಿಚ್ಚಿಕೊಟ್ಟವಳು ಹಾಲವ್ವ. ತೆಗೆಯಹೋದರೆ ನಿನ್ನ ತಾಯಿ "ಮುಟ್ಟಬ್ಯಾಡ್ರಿ, ಆಕೀನ ಬಂದು ತಗೀಲಿ" ಎಂದಳು. ಆಚೆಯ ಗೂಟಗಳೆಲ್ಲ ಈಗ ನಿನಗೆ ಕಾಣೆಯಾಗಿರಬೇಕು. ಇದನ್ನು ಅಲ್ಲಿಂದ ಸರಿಮಾಡಲು ಬರುವುದಿಲ್ಲ, ಜತ್ತದ ಎಸ್.ಟಿ. ಬಸ್ಸು ಹತ್ತು.