ಕಣ್ಣಿಗೊಂದು ಕಪ್ಪು ಪಟ್ಟಿ

ಪ್ರೊಫೆಸರ್ ಸಾರ್ ಅವರಿಗೆ ನಮಸ್ಕಾರ.

ಆಪರೇಶನ್ನಿಗೆ ಮುಂಚೆ ದವಡೆ ಊದಿಕೊಂಡಿದ್ದ ನನ್ನ ಮುಖದ ಫೋಟೋವನ್ನು ನೀವು ಈಗಲೂ ಪಾಠದಲ್ಲಿ ತೋರಿಸುತ್ತೀರಿ. ಅದನ್ನು ತೆಗೆಸಿ ಎಂದು ಕೇಳಲು ನಿನ್ನೆ ಮೆಡಿಕಲ್ ಕಾಲೇಜಿನ ಆಫೀಸಿಗೆ ಬಂದಿದ್ದೆ. ಗುಮಾಸ್ತರು, "ಮುಖ ನಿಮ್ಮದಿರಬಹುದಮ್ಮ, ಫೋಟೋದ ಹಕ್ಕು ಕಾಲೇಜಿಂದು. ಪಾಠಕ್ಕೆ ತೋರಿಸೋಕೆ ಯಾರನ್ನೂ ಕೇಳಬೇಕಾಗಿಲ್ಲ" ಅಂದರು. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಕಾನೂನು ತಿಳಿಯದು. ಇರಲಿ, ತೋರಿಸಿ. ಪರೀಕ್ಷೆಗೆ ಮುಂಚೆ ಕಣ್ಣಿನ ಮೇಲೆ ಮಾತ್ರ ಒಂದು ಕಪ್ಪು ಪಟ್ಟಿ ಹಾಕಿಬಿಡಿ.

ನನ್ನ ಮಗಳು ನಿಮ್ಮ ಕ್ಲಾಸಿನಲ್ಲೇ ಇದ್ದಾಳೆ. ಅವಳು ಹುಟ್ಟುವುದಕ್ಕೆ ಮುಂಚಿನ ಫೋಟೋ ಅದು, ಅವಳಿಗೇನೂ ಗೊತ್ತಿಲ್ಲ. ಮೊನ್ನೆ ಮೊಬೈಲಿನಲ್ಲಿ ಅದನ್ನೇ ತೋರಿಸಿ, "ಅಮ್ಮಾ, ಈ ಕುಂಬಳಕಾಯಿನ ನೋಡು. ಆ ಹೆಸರಿಟ್ಟಿದ್ದೇ ನಾನು, ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು" ಅಂದಳು. ನಾನೂ ನಕ್ಕೆ.

ಪರೀಕ್ಷೆಗೆ ಆ ಚಿತ್ರವನ್ನು ದಿಟ್ಟಿಸಿ ನೋಡಿ ಓದಬೇಕಂತೆ. ಅವಳು ಓದಲು ಕೂರುವುದು ಕನ್ನಡಿಯ ಎದುರಿಗೆ. ನಿನ್ನೆ ನಾನು ಆ ಕನ್ನಡಿಯನ್ನು ತೆಗೆದಿಟ್ಟಿದ್ದಕ್ಕೆ ಬೈದು, ಮತ್ತೆ ಅಲ್ಲೇ ತಗುಲಿಹಾಕಿದಳು. ಅವಳಿಗೆ ಬಂದಿರುವುದು ನನ್ನ ಕಣ್ಣೇ ಸಾರ್.

ಉತ್ತರವನ್ನು ಮನೆಗೆ ಕಳಿಸಬೇಡಿ, ಟಪಾಲು ಒಡೆಯುವವಳು ಅವಳೇ.

ಇಂತಿ,
ನಿಮ್ಮ ಚಿತ್ರದಲ್ಲಿರುವವಳು