ಮೋರಾಗವ್ವನ ಕುರಿಮರಿ

ಹೆಬ್ಬಳ್ಳಿ
೧೮ ಮೇ ೨೦೨೫, ರವಿವಾರ

ಮಗಳು ಕಾವೇರಿಗೆ,

ನಿನ್ನ ದೊಡ್ಡವ್ವ ಫಕೀರವ್ವನ ಆಶೀರ್ವಾದ. ನಾವೆಲ್ಲ ಆರಾಮ ಇದ್ದೇವೆ. ಪತ್ರ ತಡವಾಯಿತು, ಬೇಜಾರಾಗಬೇಡ. ಸಿಟ್ಟು ಇಳಿಯಲಿ ಎಂದು ಎರಡು ವಾರ ಕಾದೆ. ಇಳಿಯಲಿಲ್ಲ, ಹಾಗೇ ಬರೆಯಲು ಕೂತೆ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳ ಅಕ್ಷರ, ಸಾವಕಾಶ ಓದಿಕೋ. ಫೋನು ಹಿಡಿದರೆ ನನ್ನ ದನಿ ಏರುತ್ತದೆ, ನೀನು ನೆಟ್‌ವರ್ಕ್ ಇಲ್ಲ ಅನ್ನುತ್ತೀ. ನಿನ್ನ ತಮ್ಮ ಶಶಿಕಾಂತ, ಬರೆದುಕೊಡು, ಫೋಟೋ ತೆಗೆದು ಕಳಿಸುತ್ತೇನೆ ಎಂದ. ಹಾಗೆ ಮಾಡಿದರೆ ಇದನ್ನು ಅವನೂ ಓದುತ್ತಾನೆ. ಅದಕ್ಕೇ ಪೋಸ್ಟಿಗೆ ಹಾಕುತ್ತಿದ್ದೇನೆ.

ನಿನ್ನ ದೊಡ್ಡಪ್ಪನ ಮೊಣಕಾಲು ಊದಿದೆ. ಆದರೂ ಕುರಿಯ ಹಿಂದೆ ಹೋಗುವುದು ಬಿಟ್ಟಿಲ್ಲ. ಇಪ್ಪತ್ತೆರಡು ಕುರಿ ಉಳಿದಿವೆ. ಮೊನ್ನೆ ಒಂದು ಮಳೆ ಬಿತ್ತು, ಎರೆಹೊಲದಲ್ಲಿ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ.

ಇನ್ನು ನಿನ್ನ ಸ್ಕಾಟ್‌ಲ್ಯಾಂಡಿನ ಗುಡ್ಡದ ಸುದ್ದಿ. ಶಶಿಕಾಂತ ಫೋಟೋ ತೋರಿಸಿದ. ನೀನು, ನಿನ್ನ ಧಾರವಾಡದ ಕಾಲೇಜಿನ ಗೆಳತಿ ಸುಮೇಧಾ, ಇನ್ನಿಬ್ಬರು ಅಲ್ಲಿಯ ಹುಡುಗಿಯರು, ಎಲ್ಲರ ಬೆನ್ನಿಗೂ ಒಂದೊಂದು ಹೊರೆ. ಅಲ್ಲಿ ಓದುವ ಮಕ್ಕಳು ಶನಿವಾರ ರವಿವಾರ ಸೂಟಿ ಸಿಕ್ಕರೆ ಹೀಗೆ ಗುಡ್ಡ ಹತ್ತಿ ಡೇರೆ ಹಾಕುತ್ತಾರಂತೆ. ನಿನ್ನ ದೊಡ್ಡಪ್ಪ ಬಹಳ ಹೊತ್ತು ನೋಡಿ, "ಇವರ ಕುರಿ ಎಲ್ಲಿ ಅದಾವು?" ಎಂದು ಕೇಳಿದರು. ಕುರಿ ಇಲ್ಲ, ಸುಮ್ಮನೆ ನಡೆಯುತ್ತಾರೆ ಎಂದ ಶಶಿಕಾಂತ. "ಕುರಿ ಇಲ್ದ ಅಡವ್ಯಾಗ ಯಾಕ ಮಕ್ಕೋಬೇಕಪಾ, ಮನಿ ಬಿದ್ದೈತೇನು?" ಅಂದರು. ನಾನೂ ನಕ್ಕೆ. ಮೂವತ್ತು ವರ್ಷ ನಾವು ಹಿಂಡಿನ ಹಿಂದೆ ಹಾಗೇ ಮಲಗಿದವರು. ಅದಕ್ಕೆ ಯಾರೂ ನಮ್ಮ ಫೋಟೋ ತೆಗೆಯಲಿಲ್ಲ. ನಿನ್ನ ಡೇರೆ ಗಾಳಿಗೆ ಬೆನ್ನು ಮಾಡಿ ನಿಂತಿತ್ತು, ಉಳಿದವರ ಡೇರೆಯ ಬಾಗಿಲು ಗಾಳಿಗೇ ತೆರೆದಿತ್ತು. ಅದನ್ನು ಯಾರು ಕಲಿಸಿದರು ಎಂದು ಅವರಿಗೆ ಹೇಳಿದೆಯಾ?

ಆಮೇಲೆ ಆ ಮುದುಕಿಯ ಫೋಟೋ ಬಂತು. ಮೊಣಕಾಲುದ್ದ ಬೂಟು, ತಲೆಗೆ ಟೊಪ್ಪಿಗೆ, ಕೆಂಪು ಗಲ್ಲ. ಹೆಸರು ಮೋರಾಗ್ ಅಂತೆ. ನೀವು ಡೇರೆ ಹಾಕಿದ್ದು ಅವಳ ಹೊಲದ ಮಗ್ಗುಲಿಗೇ ಅಂತೆ, ಅವಳೇ ಕರೆದು ಚಹಾ ಕೊಟ್ಟು ಕುರಿ ತೋರಿಸಿದಳಂತೆ. ನಿನ್ನ ಎದೆಯ ಮೇಲೆ ಒಂದು ಮರಿ, ಕೈಯಲ್ಲಿ ಹಾಲಿನ ಬಾಟಲಿ, ನಿನ್ನ ಹೆಗಲ ಮೇಲೆ ಅವಳ ಕೈ. ಕೆಳಗೆ ನೀನು ಇಂಗ್ಲಿಷಿನಲ್ಲಿ ಬರೆದದ್ದನ್ನು ಶಶಿಕಾಂತ ಕನ್ನಡ ಮಾಡಿ ಓದಿದ: "ಜೀವನದಾಗ ಮೊದಲ ಸಲ ಕುರಿಮರಿ ಎತ್ತಿಕೊಂಡೆ."

ಇನ್ನೊಮ್ಮೆ ಓದು ಎಂದೆ. ಓದಿದ. ಮೂರನೇ ಸಲ ಕೇಳಿದಾಗ ಫೋನು ಕಿಸೆಗೆ ಹಾಕಿಕೊಂಡು ಹೊರಗೆ ಹೋದ.

ಮೊದಲ ಸಲವಂತೆ. ನಿಮ್ಮಪ್ಪ ನಿಮ್ಮವ್ವ ಹುಬ್ಬಳ್ಳಿಗೆ ದುಡಿಯಲು ಹೋದಾಗ ಏಳು ವರ್ಷದ ತನಕ ನೀನು ಯಾರ ಹತ್ತಿರ ಇದ್ದೆ? ಒಂದು ಕರಿ ಕುರಿ ತನ್ನ ಮರಿಯನ್ನು ಹತ್ತಿರ ಬಿಡದೆ ಒದೆಯುತ್ತಿತ್ತು. ನಾನು ಅದರ ಹಾಲು ಹಿಂಡಿ ಮರಿಯ ಮೈಗೆಲ್ಲ ಸವರಿದೆ, ವಾಸನೆ ಹತ್ತಿ ನೆಕ್ಕಲಿ ಎಂದು. ಮರಿಯನ್ನು ಹಿಡಿದು ಕೂತವಳು ನೀನು. "ದೊಡ್ಡವ್ವ, ತನ್ನ ಮರೀನ ತಾನ ಯಾಕ ಒದಿತೈತಿ?" ಎಂದು ಕೇಳಿದೆ. "ಅದಕ್ಕ ಅಂಜಿಕಿ ಆಗೈತಿ, ತಡಿ, ಹತ್ರ ಕರಕೋತೈತಿ" ಎಂದಿದ್ದೆ. ಮರಿ ನಿನ್ನ ಲಂಗದ ಮೇಲೆ ಉಚ್ಚೆ ಹೊಯ್ದರೂ ಮಧ್ಯಾಹ್ನದವರೆಗೆ ಅಲುಗಲಿಲ್ಲ ನೀನು. ಮರೆತೆ ಎಂದರೆ ನಂಬುವುದಿಲ್ಲ. ಫೋಟೋದಲ್ಲಿ ನಿನ್ನ ಎಡಗೈ ಮರಿಯ ಎದೆಯ ಕೆಳಗಿದೆ, ಎರಡು ಬೆರಳು ಮುಂಗಾಲುಗಳ ನಡುವೆ. ಆ ಹಿಡಿತ ಮೋರಾಗವ್ವ ಕಲಿಸಿದ್ದಲ್ಲ. ಅದು ನನ್ನದು.

ಇಷ್ಟಕ್ಕೇ ಸುಮ್ಮನಿರುತ್ತಿದ್ದೆ. ಆದರೆ ಮೊನ್ನೆ ನಿಮ್ಮ ಮನೆಗೆ ಹೋದಾಗ ನಿಮ್ಮವ್ವ ನಗುನಗುತ್ತ, "ಅಕ್ಕಾ, ಕಾವೇರಿ ಶ್ರಾವಣಕ್ಕ ಊರಿಗೆ ಬರಂಗಿಲ್ಲಂತ. ಸೂಟ್ಯಾಗ ಒಂದು ತಿಂಗಳು ಆ ಅಜ್ಜಿ ಮನ್ಯಾಗ ಇದ್ದು ಕುರಿ ಕೆಲಸ ಕಲಿತಾಳಂತ" ಎಂದಳು. ಮುಂದಿಟ್ಟ ಚಹಾ ಬಿಟ್ಟು ಎದ್ದುಬಂದೆ.

ಹೊಟ್ಟೆಕಿಚ್ಚು ಎಂದರೆ ಹೌದು, ಹೊಟ್ಟೆಕಿಚ್ಚೇ. ಅರವತ್ತೆರಡನೇ ವಯಸ್ಸಿನಲ್ಲಿ, ಕಂಡರಿಯದ ಒಬ್ಬ ಹೆಂಗಸಿನ ಮೇಲೆ. ಅವಳ ಹುಲ್ಲು ಮೊಣಕಾಲುದ್ದ, ಸಿಳ್ಳೆ ಹೊಡೆದರೆ ನಾಯಿಯೇ ಹಿಂಡನ್ನು ಮನೆಗೆ ತರುತ್ತದಂತೆ. ಅದೆಲ್ಲ ಅವಳಿಗೇ ಇರಲಿ. ನೀನೂ ಯಾಕೆ ಬೇಕು ಅವಳಿಗೆ? ಇನ್ನೊಂದು ಮಾತು. ಅವಳ ಬೆನ್ನ ಹಿಂದೆ ನಿಂತ ಕುರಿ ಮುಂಗಾಲು ಎತ್ತಿ ಹಿಡಿದಿದೆ. ಗೊರಸು ಬೆಳೆದಿರಬೇಕು, ಕತ್ತರಿಸಿಲ್ಲ. ಅಷ್ಟು ದೊಡ್ಡ ಕುರಿಗಾರ್ತಿಗೆ ಅದು ಕಾಣಲಿಲ್ಲವೇ ಎಂದು ಕೇಳು.

ಸಾಕು, ಕೈ ನೋಯುತ್ತಿದೆ. ಒದ್ದೆ ಕಾಲುಚೀಲ ಹಾಕಿಕೊಂಡು ನಡೆಯಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಬೀರಪ್ಪ ನಿನ್ನ ಕಾಲಿಗೆ ಕಸುವು ಕೊಡಲಿ, ಓದಿದ್ದು ಕೈಗೂಡಲಿ.

ನಿನ್ನ ದೊಡ್ಡವ್ವ,
ಫಕೀರವ್ವ

ತಾ.ಕ. ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ.

ನಾಲ್ಕು ವರ್ಷದ ಹಿಂದೆ ಧಾರವಾಡದಲ್ಲಿ ನಿನ್ನ ಕಾಲೇಜಿನ ಮುಂದೆ ನಾವು ಹಿಂಡು ದಾಟಿಸುತ್ತಿದ್ದೆವು. ನೀನು ಗೆಳತಿಯರ ಜೊತೆ ಬಸ್ಸಿಗೆ ನಿಂತಿದ್ದೆ. "ದೊಡ್ಡವ್ವಾ" ಎಂದು ಕೂಗಿ, ಕೈ ಎತ್ತಿಕೊಂಡು ರಸ್ತೆಗೆ ಇಳಿದೆ. ನನ್ನ ಸೀರೆಗೆಲ್ಲ ಹಿಕ್ಕೆ, ಹೆಗಲ ಮೇಲೆ ರೋಗದ ಮರಿ. ಆ ಹುಡುಗಿಯರು ನೋಡುತ್ತಿದ್ದರು. "ಯಾರವ್ವಾ ನೀನು? ನನಗ ಗುರುತು ಹತ್ತಲಿಲ್ಲ. ಸರಿ, ಕುರಿಗೆ ದಾರಿ ಬಿಡು" ಎಂದು ಎಲ್ಲರ ಮುಂದೆ ಅಂದುಬಿಟ್ಟೆ. ನಿನ್ನ ಮರ್ಯಾದೆ ಉಳಿಸಿದೆ ಎಂದುಕೊಂಡು ಊರ ತನಕ ನಡೆದೆ. ಅವತ್ತಿನಿಂದ ನೀನು ಕುರಿದೊಡ್ಡಿಗೆ ಕಾಲಿಡಲಿಲ್ಲ. ಯಾಕೆ ಎಂದು ನಾನೂ ಕೇಳಲಿಲ್ಲ.

ಸುಮೇಧಾ ಅವತ್ತೂ ನಿನ್ನ ಪಕ್ಕದಲ್ಲಿ ನಿಂತಿದ್ದಳು. ಅವಳ ಮುಂದೆ ನೀನು ಮೊದಲ ಸಲ ಎಂದಲ್ಲದೆ ಇನ್ನೇನು ಬರೆಯಬೇಕಿತ್ತು?

ಮೋರಾಗವ್ವನ ಮನೆಗೆ ಹೋಗು, ಬೇಡ ಅನ್ನುವುದಿಲ್ಲ. ಇದೊಂದು ತಿಳಿದುಕೊಂಡು ಹೋಗು. ಅವತ್ತು ನಾನು ತಿರುಗಿ ನೋಡುವ ಮೊದಲೇ ನಿನ್ನ ದನಿಯ ಗುರುತು ಹತ್ತಿತ್ತು.